ಚೂಡಾಮಣಿ ಇದ್ದಾರೆ

೫ ಅಕ್ಟೋಬರ್ ೧೯೮೨, ಮಂಗಳವಾರ

ಎಡಗೈ ಹನ್ನೊಂದೂಮುಕ್ಕಾಲು ಇಂಚು. ಬಲಗೈ ಹತ್ತೂವರೆ. ಊತವನ್ನು ಅಳೆದು ಬರೆದಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ನೋಟುಪುಸ್ತಕ. ಇಪ್ಪತ್ತೆಂಟು ವರ್ಷ ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವಳಿಗೆ ಟೇಪು ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಳತೆ ನನ್ನದೇ ಆದಾಗ ಮಾತ್ರ ಎರಡೆರಡು ಸಲ ಅಳೆಯುತ್ತೇನೆ.

ಎಡ ಎದೆ ತೆಗೆದು ಏಳು ತಿಂಗಳಾಯಿತು. ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಹೇಳುವುದಿಲ್ಲ. ತಮ್ಮ ಬದರಿ ‘ಅಕ್ಕನ ತೊಂದರೆ’ ಅನ್ನುತ್ತಾನೆ. ಅವನ ಹೆಂಡತಿ ಸುಂದರಮ್ಮ ‘ಅದು’ ಅನ್ನುತ್ತಾಳೆ. ಅವರ ಮಗಳು ಆಂಡಾಳ್‌ಗೆ ಗಂಡು ನೋಡುತ್ತಿದ್ದಾರೆ. ಗಂಡಿನ ಕಡೆಯವರು ಬಂದಾಗ ನಾನು ಹಿಂದಿನ ಕೋಣೆಯಲ್ಲಿರಬೇಕು. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ನಾನೇ ಅರ್ಥ ಮಾಡಿಕೊಂಡದ್ದು.

ಇವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರು ಜಗಳವಾಡುತ್ತಿದ್ದರು. ಒಬ್ಬರಿಗೆ ಕೆಳದವಡೆ ಅರ್ಧ ಇಲ್ಲ, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಮಾತಿಗೊಮ್ಮೆ ಬಾಯಿ ಒರೆಸಿಕೊಳ್ಳುತ್ತಿದ್ದರು. ಇನ್ನೊಬ್ಬರು ನನ್ನ ವಯಸ್ಸಿನ ಹೆಂಗಸು, ದನಿ ಮೆಜೆಸ್ಟಿಕ್ಕಿನ ತನಕ ಕೇಳಿಸುವಂಥದು. ಯಾವುದೋ ಸೈಟಿನ ವ್ಯಾಜ್ಯ ಅಂದುಕೊಂಡೆ. ಕಿವಿಗೊಟ್ಟರೆ ಕಾಂಗ್ರೆಸ್ಸು, ಜನತಾ! ಆಕೆ ನನ್ನ ಕಡೆ ತಿರುಗಿ ನೀವೇ ನ್ಯಾಯ ಹೇಳಿ ಎಂದರು. ನಮ್ಮನೆಯಲ್ಲಿ ತಮ್ಮ ಹೇಳಿದವರಿಗೆ ಓಟು ಹಾಕುವುದು ರೂಢಿ ಎಂದೆ. ಇಬ್ಬರೂ ಜಗಳ ನಿಲ್ಲಿಸಿ ನನ್ನನ್ನು ಕರುಣೆಯಿಂದ ನೋಡಿದರು. ಈ ಏಳು ತಿಂಗಳಲ್ಲಿ ಕಾಯಿಲೆಯಲ್ಲದ ವಿಷಯಕ್ಕೆ ನನ್ನ ಮೇಲೆ ಯಾರಾದರೂ ಕರುಣೆ ತೋರಿದ್ದು ಇದೇ ಮೊದಲು.

೧೨ ಅಕ್ಟೋಬರ್, ಮಂಗಳವಾರ

ಹನ್ನೊಂದೂಮುಕ್ಕಾಲು. ರಾತ್ರಿ ನಿದ್ದೆಯಿಲ್ಲ, ಬಾಯಿ ಕಹಿ.

ದವಡೆಯವರ ಹೆಸರು ಕಾಳಪ್ಪ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ದನಿಯವರು ಶಕುಂತಲಮ್ಮ, ಟೆಲಿಫೋನ್ ಆಪರೇಟರ್ ಆಗಿದ್ದವರು, ತ್ಯಾಗರಾಜನಗರದ ಮನೆ. ಅವರಿಗೂ ನನ್ನ ಹಾಗೇ, ಆದರೆ ಬಲಗಡೆ. ಮೂವರೂ ಒಂದೇ ಬಸ್ಸಿನಲ್ಲಿ ವಾಪಸು ಬಂದೆವು. ನೇರ ಬಸ್ಸಿಲ್ಲ, ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಅಲ್ಲೇ ಹೋಟೆಲಿನಲ್ಲಿ ಕಾಫಿ ಕುಡಿದೆವು. ಕಾಳಪ್ಪ ಕಾಫಿಯನ್ನು ಸಾಸರಿಗೆ ಸುರಿದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಹೀರುತ್ತಾರೆ. ಅವರ ಮಾತು ಮೊದಲ ವಾರ ಒಂದಕ್ಷರ ತಿಳಿಯಲಿಲ್ಲ, ಇವತ್ತು ಅರ್ಧ ತಿಳಿಯಿತು. ಶಕುಂತಲಮ್ಮ ಉಳಿದರ್ಧ ತಿಳಿಸಿದರು, ಮಧ್ಯೆ ಮಧ್ಯೆ ‘ಇದು ಸುಳ್ಳು’ ಎಂದು ಸೇರಿಸಿಕೊಂಡು.

ಹೋಟೆಲಿಗೆ ಹೋದದ್ದನ್ನು ಮನೆಯಲ್ಲಿ ಹೇಳಲಿಲ್ಲ.

೨೧ ಅಕ್ಟೋಬರ್

ಶಕುಂತಲಮ್ಮ ರವಿಕೆಯೊಳಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಹತ್ತಿಗೆ ಭಾರವಿಲ್ಲ. ಮೊನ್ನೆ ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದಾಗ ಅದು ಭುಜಕ್ಕೇರಿ ಕೂತಿತು. ನೋಡಲಾಗದೆ ಹಳೇ ವಾಯಿಲ್ ಸೀರೆ ಕತ್ತರಿಸಿ, ಎರಡು ಮಡಿಕೆ ಹಾಕಿ, ಒಂದು ಚೀಲ ಹೊಲಿದು ಒಳಗೆ ರಾಗಿ ತುಂಬಿದೆ. ತೂಕ ಸರಿಯಾಗಿದೆ, ಆಕಾರವೂ. ನನಗೊಂದು, ಅವರಿಗೊಂದು. ಮಷಿನ್ನಿಗೆ ಎಣ್ಣೆ ಹಾಕಬೇಕು, ತುಂಬ ಸದ್ದು.

೨೭ ಅಕ್ಟೋಬರ್

ಶಕುಂತಲಮ್ಮ ಶನಿವಾರ ಮಳೆಯಲ್ಲಿ ನೆನೆದರಂತೆ. ಚೀಲವನ್ನು ಒಣಗಿಸದೆ ಪೆಟ್ಟಿಗೆಯಲ್ಲಿಟ್ಟರಂತೆ. ನಿನ್ನೆ ಬೆಂಚಿನ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, “ಚೂಡಾಮಣಿಯವರೇ, ನನ್ನ ಎದೆ ಮೊಳಕೆ ಬಂದಿದೆ. ಅಂಬಲಿ ಕಾಯಿಸ್ಲಾ?” ಎಂದರು.

ನಕ್ಕು ನಕ್ಕು ಹೊಲಿಗೆ ಹಾಕಿದ ಜಾಗ ಎಳೆಯಿತು. ನರ್ಸು ಓಡಿ ಬಂದು ಯಾರಿಗೇನಾಯಿತು ಎಂದು ಕೇಳಿದಳು. ಕಾಳಪ್ಪನವರಿಗೆ ಹೇಳುವ ಹಾಗಿಲ್ಲ, ಅವರು ಬಿಡುವ ಹಾಗಿಲ್ಲ. ಕೊನೆಗೆ ಹೇಳಿದೆವು. ಅವರು ಬಹಳ ಗಂಭೀರವಾಗಿ, ರಾಗಿಯನ್ನು ಹುರಿದು ತುಂಬಿ, ಹುರಿದದ್ದು ಮೊಳೆಯೋದಿಲ್ಲ ಎಂದರು. ಎಷ್ಟು ಸರಿಯಾದ ಮಾತು! ಇವತ್ತು ಒಂದು ಸೇರು ಹುರಿದೆ. ಸುಂದರಮ್ಮ ಹುರಿಹಿಟ್ಟಿಗಾ ಎಂದು ಕೇಳಿದಳು, ಹೂಂ ಎಂದೆ.

೯ ನವೆಂಬರ್, ಮಂಗಳವಾರ

ವಾರ್ಡಿನಲ್ಲಿ ನಾಲ್ವರು ಹೆಂಗಸರಿಗೆ ಚೀಲ ಕೊಟ್ಟೆ. ಇನ್ನೂ ಮೂವರು ಕೇಳಿದ್ದಾರೆ.

ಇಷ್ಟು ದಿನ ಈ ಇಬ್ಬರು ಸುಮ್ಮನೆ ಕಾಲಕ್ಷೇಪಕ್ಕೆ ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಇವತ್ತು ಕಾಳಪ್ಪ ಅವರ ತಂದೆಯ ವಿಷಯ ಹೇಳಿದರು. ತಲೆಯ ಮೇಲೆ ಮಲದ ಬಕೆಟ್ಟು ಹೊತ್ತು ಬೀದಿ ಬೀದಿ ತಿರುಗಿದವರು. ಅದು ನಿಂತದ್ದು ಯಾರ ಸರ್ಕಾರದ ಕಾಲದಲ್ಲಿ ಎಂದು ಕೇಳಿದರು. ಶಕುಂತಲಮ್ಮ ತಮ್ಮ ತಮ್ಮನ ವಿಷಯ ಹೇಳಿದರು. ಎಮರ್ಜೆನ್ಸಿಯಲ್ಲಿ ಕರಪತ್ರ ಹಂಚಿದನೆಂದು ಹದಿನೆಂಟು ತಿಂಗಳು ಜೈಲಿನಲ್ಲಿದ್ದ. ಒಬ್ಬರ ಮಾತನ್ನು ಇನ್ನೊಬ್ಬರು ಸುಳ್ಳು ಅನ್ನಲಿಲ್ಲ. ಶಕುಂತಲಮ್ಮ ಫ್ಲಾಸ್ಕಿನಿಂದ ಗಂಜಿ ಬಗ್ಗಿಸಿ ಕಾಳಪ್ಪನವರಿಗೆ ಕೊಟ್ಟರು. ಅದನ್ನು ಅವರಿಗೋಸ್ಕರವೇ ನುಣ್ಣಗೆ ಅರೆದು ತರುತ್ತಾರೆ ಎಂದು ನನಗೆ ಇವತ್ತು ಗೊತ್ತಾಯಿತು.

ನನಗೂ ಹೇಳಲು ಏನಾದರೂ ಇದೆಯಾ ಎಂದು ಯೋಚಿಸುತ್ತ ಬಂದೆ. ನೇರ ಬಸ್ಸಿಲ್ಲದಿರುವುದು ಬಿಟ್ಟು ಏನೂ ಹೊಳೆಯಲಿಲ್ಲ.

೩೦ ನವೆಂಬರ್, ಮಂಗಳವಾರ

ಎಲೆಕ್ಷನ್ ಬಂದಿದೆ, ಊರೆಲ್ಲ ಅದೇ ಮಾತು. ಕಾಳಪ್ಪ ಇವತ್ತು ಆಸ್ಪತ್ರೆಗೆ ಬರಲಿಲ್ಲ. ಸಂಜೆ ಐದಕ್ಕೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಬೆವೆತಿದ್ದರು.

ಒಳಗೆ ಕರೆದು ಕೂರಿಸಿದೆ. ಸುಂದರಮ್ಮ ಎರಡು ಲೋಟ ಕಾಫಿ ತಂದಳು, ಅವರಿಗೆ ಹಿತ್ತಲಲ್ಲಿಡುವ ಹಳೇ ಲೋಟದಲ್ಲಿ. ನನ್ನದನ್ನು ಅವರಿಗೆ ಕೊಟ್ಟು ಅದನ್ನು ನಾನು ತೆಗೆದುಕೊಂಡೆ. ಕಾಳಪ್ಪ ಎರಡು ಲೋಟಗಳನ್ನೂ ನೋಡಿದರು. ಸುಂದರಮ್ಮ ಒಳಗೆ ಹೋದಳು.

ಕಾಳಪ್ಪ ತಮ್ಮ ಹೆಸರು ನೋಡಲು ಮತದಾರರ ಪಟ್ಟಿ ತೆಗೆಸಿದರಂತೆ. ಅಚ್ಚಾದದ್ದು ಕಂಡರೆ ಓದದೆ ಬಿಡುವ ಕಣ್ಣಲ್ಲ, ನಮ್ಮ ಬೀದಿಯದನ್ನೂ ಓದಿದ್ದಾರೆ. ಹೆಸರು ತೆಗೆದುಹಾಕಿದವರ ಪುಟದಲ್ಲಿ ನಾನಿದ್ದೆ.

“ಟೀಚರಮ್ಮಾ, ಗಾಬರಿ ಆಗ್ಬೇಡಿ. ನೀವು ತೀರ್ಕೊಂಡಿದೀರಿ.”

ನನಗೆ ಬಂದದ್ದು ನಗು. ಅವರಿಗೂ ಬಂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಪರೇಷನ್, ಕರೆಂಟಿನ ಚಿಕಿತ್ಸೆ, ಮೂವತ್ತು ದಿನದ ವಾಂತಿ, ಎಲ್ಲ ದಾಟಿ ಬಂದು ಒಂದು ಹಾಳೆಯ ಮೇಲೆ ಸತ್ತಿದ್ದೇನೆ! ನಾಳೆ ಎಲೆಕ್ಷನ್ ಕಚೇರಿಗೆ ಹೋಗೋಣ, ಕಾಲಾವಕಾಶ ಕಡಿಮೆ ಎಂದರು. ನನ್ನ ಓಟು ನಿಮ್ಮ ಪಕ್ಷಕ್ಕೇ ಎಂದು ನೆಚ್ಚಿಕೊಳ್ಳಬೇಡಿ ಎಂದೆ. ಅದು ಗೊತ್ತು ಎಂದರು.

೧ ಡಿಸೆಂಬರ್

ಕಚೇರಿಯ ಗುಮಾಸ್ತರು ಮುದುಕರು, ಸಂಭಾವಿತರು. ಚೂಡಾಮಣಿ ನೀವೇ ಅನ್ನುವುದಕ್ಕೆ ಏನಾಧಾರ ಎಂದರು. ರೇಷನ್ ಕಾರ್ಡು ತೋರಿಸಿದೆ. ಕಾಳಪ್ಪ ನಾನು ಸಾಕ್ಷಿ ಎಂದರು. ನೀವು ಯಾವ ಪಕ್ಷದ ಕಡೆಯವರು ಎಂದು ಗುಮಾಸ್ತರಿಗೆ ಅನುಮಾನ ಬಂತು.

“ಕಾಂಗ್ರೆಸ್ಸು ಸಾರ್. ಇವರ ಓಟು ನಮಗೆ ಬರೋದು ಕಷ್ಟ. ಆದ್ರೂ ಬದುಕಿದಾರೆ.”

ಗುಮಾಸ್ತರು ನಕ್ಕು, ಹಳೇ ಪುಸ್ತಕ ಹುಡುಕಿ ತೆಗೆದರು. ಮನೆ ಮನೆಗೆ ಬಂದು ಬರೆದುಕೊಂಡು ಹೋದ ಪುಸ್ತಕ. ಆಗಸ್ಟ್ ಇಪ್ಪತ್ತೆರಡು. ಚೂಡಾಮಣಿ, ೫೨ ವರ್ಷ. ಇಲ್ಲ. ಮೃತ. ಪಕ್ಕದಲ್ಲಿ ‘ಮನೆ ಯಜಮಾನರ ಹೇಳಿಕೆ’ ಎಂದಿತ್ತು.

ಆಗಸ್ಟ್ ಇಪ್ಪತ್ತೆರಡು ಭಾನುವಾರ. ಮಲ್ಲೇಶ್ವರದಿಂದ ಗಂಡಿನ ಕಡೆಯವರು ಬಂದಿದ್ದರು. ಕೇಸರಿಬಾತಿನ ವಾಸನೆ ಬರುತ್ತಿತ್ತು, ನಾನು ಹಿಂದಿನ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದೆ.

ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಮನೆ ಯಜಮಾನರೇ ಬಂದು ಹೇಳಿಕೆ ಬದಲಾಯಿಸಬೇಕು.

೨ ಡಿಸೆಂಬರ್

ಬದರಿಗೆ ಹೇಳಲಿಲ್ಲ.

೩ ಡಿಸೆಂಬರ್, ಶುಕ್ರವಾರ

ಬದರಿ ಆಫೀಸಿನಿಂದ ಬಂದು ಷೂ ಬಿಚ್ಚುತ್ತಿದ್ದಾಗ ಹೇಳಿದೆ. ಒಂದು ಷೂ ಕಾಲಲ್ಲೇ ಉಳಿಯಿತು.

“ಹುಡುಗನ ತಂದೆ ಎದುರಿಗೇ ಕೂತಿದ್ರು ಅಕ್ಕ. ಆ ಪಟ್ಟಿ ಬರೆಯೋ ಮನುಷ್ಯ ಬಾಗಿಲಲ್ಲಿ ನಿಂತು ನಿನ್ನ ಹೆಸರು ಜೋರಾಗಿ ಓದಿದ. ಇಲ್ಲ ಅಂದ್ಬಿಟ್ಟೆ. ಊರಲ್ಲಿಲ್ಲ ಅನ್ನೋ ಅರ್ಥದಲ್ಲಿ.”

“ಅವನು ಏನು ಬರ್ಕೊಂಡ ಅಂತ ನೋಡಿದ್ಯಾ?”

ಅವನು ಷೂ ಲೇಸನ್ನು ಎಳೆದ, ಅದು ಗಂಟಾಯಿತು.

“ನೋಡ್ದೆ. ತಿದ್ದೋಕೆ ಬಾಯಿ ಬರ್ಲಿಲ್ಲ.”

ಅಮ್ಮ ಹೋದಾಗ ಇವನಿಗೆ ಒಂಬತ್ತು ವರ್ಷ. ಗಂಡ ತೀರಿಕೊಂಡು ತೌರಿಗೆ ಬಂದ ನಾನೇ ಇವನಿಗೆ ಉಣ್ಣಿಸಿ, ಓದಿಸಿ, ಚಡ್ಡಿ ಹೊಲಿದು ದೊಡ್ಡವನನ್ನಾಗಿ ಮಾಡಿದ್ದು. ಅದನ್ನೆಲ್ಲ ಎತ್ತಿ ಆಡಬೇಕು ಅನ್ನಿಸಿತು, ಆಡಲಿಲ್ಲ. ಸೋಮವಾರ ಹನ್ನೊಂದಕ್ಕೆ ರಜ ಹಾಕು ಎಂದೆ, ಅಷ್ಟೆ. ಅವನು ತಲೆಯಾಡಿಸಿದ. ಎರಡನೇ ಷೂ ಬಿಚ್ಚಲು ಅವನ ಕೈ ಬರುತ್ತಿರಲಿಲ್ಲ, ನಾನೇ ಲೇಸಿನ ಗಂಟು ಬಿಡಿಸಿಕೊಟ್ಟೆ.

ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಅತ್ತೆ. ಆಮೇಲೆ ಶಕುಂತಲಮ್ಮನ ಮೊಳಕೆ ನೆನಪಾಗಿ ಅಳುವಿನ ಮಧ್ಯೆಯೇ ನಗು ಬಂದುಬಿಟ್ಟಿತು. ಸುಂದರಮ್ಮ ಬಾಗಿಲಲ್ಲಿ ನಿಂತು ನೋಡಿ ಹೋದಳು. ತಲೆಗೇರಿದೆ ಅಂದುಕೊಂಡಿರಬೇಕು.

೬ ಡಿಸೆಂಬರ್, ಸೋಮವಾರ

ನಾನು, ಬದರಿ, ಕಾಳಪ್ಪ, ಶಕುಂತಲಮ್ಮ. ಶಕುಂತಲಮ್ಮನ ಅಗತ್ಯವಿರಲಿಲ್ಲ, ಆದರೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕೋಣೆಯಲ್ಲಿ ಮೂವತ್ತು ಜನರಾದರೂ ಇದ್ದರು. ಅಧಿಕಾರಿ ಬದರಿಯನ್ನು ಕೇಳಿದರು: ಇವರು ನಿಮ್ಮ ಅಕ್ಕ, ಇಲ್ಲೇ ಬದುಕಿ ನಿಂತಿದ್ದಾರೆ, ಹಾಗಾದರೆ ಇಲ್ಲ ಅಂತ ಯಾಕೆ ಹೇಳಿದಿರಿ? ಬದರಿಯ ಕಿವಿ ಕೆಂಪಾಯಿತು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದಾಗಲೂ ಹೀಗೇ ಆಗುತ್ತಿತ್ತು. ಅವನು ಏನೋ ಸುಳ್ಳು ಹೇಳಲಿದ್ದಾನೆ ಎಂದು ನನಗೆ ತಿಳಿಯಿತು.

“ನಂಗೆ ಕ್ಯಾನ್ಸರ್ ಆಗಿತ್ತು ಸಾರ್,” ಎಂದೆ. “ಮನೇಲಿ ಹೇಳ್ಕೊಳ್ಳೋಕೆ ನಾಚಿಕೆ. ಅದಕ್ಕೇ ಇಲ್ಲ ಅಂದ್ರು. ಈಗ ಇದೀನಿ, ಬರ್ಕೊಳ್ಳಿ.”

ಪಕ್ಕದಲ್ಲಿದ್ದ ಒಬ್ಬರು ಸ್ವಲ್ಪ ಸರಿದು ನಿಂತರು. ಅಧಿಕಾರಿ ಪೆನ್ನಿನ ಕ್ಯಾಪು ತೆಗೆದರು. ಬದರಿ, “ಹೌದು ಸಾರ್. ನನ್ನ ಅಕ್ಕ. ಇದ್ದಾರೆ,” ಎಂದು ರುಜು ಹಾಕಿದ.

ಹೊರಗೆ ಮೆಟ್ಟಿಲಿಳಿಯುವಾಗ ಹೆಂಗಸೊಬ್ಬಳು ಓಡಿ ಬಂದು ನನ್ನ ಸೆರಗು ಹಿಡಿದಳು. ಅಂಜಮ್ಮ ಅಂತೆ, ಸರದಿಯಲ್ಲಿ ನಮ್ಮ ಹಿಂದೆಯೇ ಇದ್ದಳು. ನೀವು ಎಲ್ಲಿ ತೋರಿಸಿದ್ರಿ ಎಂದು ಪಿಸುಮಾತಿನಲ್ಲಿ ಕೇಳಿದಳು. ಅವಳ ತಂಗಿ ಕಮಲಮ್ಮನಿಗೆ ಎದೆಯಲ್ಲಿ ಗಂಟು, ಆರು ತಿಂಗಳಿಂದ ಯಾರಿಗೂ ಹೇಳದೆ ಅರಿಸಿನ ಹಚ್ಚಿಕೊಳ್ಳುತ್ತಿದ್ದಾಳೆ. ನಾಳೆಯೇ ಬನ್ನಿ ಎಂದೆ. ಬಸ್ಸು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಶಕುಂತಲಮ್ಮ ಇಡೀ ಬೀದಿಗೆ ಕೇಳಿಸುವ ಹಾಗೆ ಹೇಳಿಕೊಟ್ಟರು.

೭ ಡಿಸೆಂಬರ್, ಮಂಗಳವಾರ

ಬಂದರು. ಕಮಲಮ್ಮನಿಗೆ ಮೂವತ್ತೆಂಟು ದಾಟಿರಲಾರದು. ಒಂದು ಮಾತಿಲ್ಲ. ಪರದೆಯ ಹಿಂದೆ ಕರೆದುಕೊಂಡು ಹೋಗಿ ರವಿಕೆ ಬಿಚ್ಚಿ ನನ್ನ ಗಾಯದ ಗುರುತನ್ನು ತೋರಿಸಿದೆ. ತುಂಬ ಹೊತ್ತು ನೋಡಿದಳು, ನೋವಾ ಎಂದು ಕಣ್ಣಲ್ಲೇ ಕೇಳಿದಳು. ಮುಟ್ಟಿದರೆ ಕಚಗುಳಿ ಎಂದೆ. ಡಾಕ್ಟರು ತಡವಾಗಿಲ್ಲ ಎಂದಿದ್ದಾರೆ. ಹೊಸ ವರ್ಷ ಹುಟ್ಟಿದ ಮೇಲೆ ಆಪರೇಷನ್.

೧೨ ಡಿಸೆಂಬರ್, ಭಾನುವಾರ

ಬದರಿ ತಾನಾಗಿಯೇ ಮಲ್ಲೇಶ್ವರಕ್ಕೆ ಹೋಗಿ ಎಲ್ಲ ಹೇಳಿ ಬಂದ. ಜಾತಕವನ್ನು ಮತ್ತೊಮ್ಮೆ ನೋಡಿಸುತ್ತೇವೆ ಎಂದರಂತೆ. ಅಂದರೆ ಮುಗಿಯಿತು. ಸುಂದರಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ತಂದಿಡುತ್ತಾಳೆ.

ನನ್ನಿಂದ ಹೀಗಾಯಿತು ಎಂದು ಆಂಡಾಳ್ ಹತ್ತಿರ ಹೇಳಿದೆ. ಅವಳು ಬ್ಯಾಂಕಿಗೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

“ಆ ಹುಡುಗ ನನ್ನ ಕೇಳಿದ್ದು ಒಂದೇ ಪ್ರಶ್ನೆ ಅತ್ತೆ. ಮದುವೆ ಆದ್ಮೇಲೆ ಸಂಬಳ ಯಾರ ಕೈಗೆ ಕೊಡ್ತೀಯ ಅಂತ. ಅಪ್ಪ ಹೋಗ್ದೇ ಇದ್ದಿದ್ರೆ ನಾನೇ ಹೋಗಿ ಹೇಳ್ತಿದ್ದೆ.”

ಹೀಗೆ ಹೇಳಿ ಇಸ್ತ್ರಿಪೆಟ್ಟಿಗೆಯನ್ನು ದಪ್ ಎಂದು ಇಟ್ಟಳು. ಇವಳು ಯಾವಾಗ ಇಷ್ಟು ದೊಡ್ಡವಳಾದಳೋ.

೨೬ ಡಿಸೆಂಬರ್, ಭಾನುವಾರ

ಇವತ್ತು ಬೆಳಿಗ್ಗೆ ಕಾಂಗ್ರೆಸ್ಸಿನ ಅಭ್ಯರ್ಥಿ ಕೈ ಮುಗಿಯುತ್ತ ಬಂದರು, ಹಿಂದೆ ತಮಟೆ. ಬದರಿ ಮುಂದೆ ಹೋಗಿ ನಮಸ್ಕಾರ ಹೇಳುವಷ್ಟರಲ್ಲಿ ನಾನು ಗೇಟಿನ ಹತ್ತಿರ ನಿಂತಿದ್ದೆ. ನಮ್ಮ ಶಂಕರಪುರದಿಂದ ಹೊಸೂರು ರಸ್ತೆಯ ಕ್ಯಾನ್ಸರ್ ಆಸ್ಪತ್ರೆಗೆ ನೇರ ಬಸ್ಸು ಯಾಕಿಲ್ಲ ಎಂದು ಕೇಳಿದೆ. ಖಂಡಿತ ಮಾಡಿಸೋಣ ತಾಯಿ ಎಂದರು. ಯಾವ ತಿಂಗಳು ಎಂದೆ. ಅವರು ಪಕ್ಕದವನ ಮುಖ ನೋಡಿದರು. ಎದುರುಮನೆಯ ಸಿದ್ದಬಸಪ್ಪನವರು ಹಲ್ಲುಜ್ಜುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ವಾಂತಿ ಮಾಡಿಕೊಳ್ಳುವ ರೋಗಿ ಎರಡೆರಡು ಬಸ್ಸು ಹತ್ತಿ ಬರುವುದು ಹೇಗೆ, ನೀವು ಒಂದು ಸಲ ಬಂದು ನೋಡಿ ಎಂದೆ. ತಮಟೆಯವನೂ ನಿಲ್ಲಿಸಿಬಿಟ್ಟ.

ಸಾಯಂಕಾಲ ಜನತಾದವರು ಬಂದರು. ಅವರಿಗೂ ಅದೇ. ನಾನು ತಿಂಗಳು ಕೇಳದೆಯೇ ಅವರು ಮಾರ್ಚ್ ಎಂದರು. ಬರೆದುಕೊಡಿ ಎಂದೆ. ಸಿದ್ದಬಸಪ್ಪನವರು ಈಗ ತಮ್ಮ ಮನೆ ಮುಂದಿನ ಮೋರಿಯ ವಿಷಯವನ್ನೂ ನಾನೇ ಕೇಳಬೇಕು ಅನ್ನುತ್ತಿದ್ದಾರೆ.

೫ ಜನವರಿ ೧೯೮೩, ಬುಧವಾರ

ಓಟು ಹಾಕಿದೆ! ಪಟ್ಟಿಯ ಕೊನೆಯಲ್ಲಿ ಹೊಸದಾಗಿ ಸೇರಿಸಿದವರ ಪುಟದಲ್ಲಿ ನನ್ನ ಹೆಸರು. ಎಡಗೈ ಬೆರಳಿಗೆ ಶಾಯಿ ಹಚ್ಚಿದರು. ಬದರಿ ಪ್ರತಿ ಸಲದ ಹಾಗೆ ಚೀಟಿ ಕೊಡಲು ಬಂದು, ಏನನ್ನಿಸಿತೋ, ಮಡಿಸಿ ಜೇಬಿಗೇ ಹಾಕಿಕೊಂಡ.

ಸರದಿಯಲ್ಲಿ ಸುಂದರಮ್ಮ ನನ್ನ ಹಿಂದೆ ನಿಂತಿದ್ದಳು. ಮೂರು ವಾರದ ಮೇಲೆ ಬಾಯಿ ಬಿಟ್ಟಳು.

“ಅತ್ತಿಗೆ, ನೀವು ಯಾರಿಗೆ?”

“ಗುಟ್ಟು.”

“ಹಾಗಾದ್ರೆ ನಂದೂ ಗುಟ್ಟು.”

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಿಂತೆವು. ಶಕುಂತಲಮ್ಮ ನನ್ನ ಓಟು ಜನತಾಕ್ಕೇ ಎಂದು ಊರಿಗೆಲ್ಲ ಹೇಳಿದ್ದಾರೆ. ಕಾಳಪ್ಪನವರಿಗೆ ಇನ್ನೂ ಆಸೆ ಹೋಗಿಲ್ಲ. ಯಾರಿಗೆ ಹಾಕಿದೆ ಎಂದು ಇಲ್ಲಿಯೂ ಬರೆಯುವುದಿಲ್ಲ.

೭ ಜನವರಿ, ಶುಕ್ರವಾರ

ಕಾಂಗ್ರೆಸ್ ಸೋತಿದೆ, ರಾಜ್ಯವೇ ಮಗುಚಿ ಬಿದ್ದಿದೆ. ಬೀದಿಯಲ್ಲಿ ಪಟಾಕಿ. ಶಕುಂತಲಮ್ಮ ಆಟೋದಲ್ಲಿ ಬಂದು ನನ್ನನ್ನು ಹತ್ತಿಸಿಕೊಂಡರು, ಕಾಲಡಿಯಲ್ಲಿ ಪಾತ್ರೆ. ನೇರ ಕಾಳಪ್ಪನವರ ಮನೆಗೆ. ಅವರು ರೇಡಿಯೋ ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಎಂದರು. ಅಗಿಯುವ ಕಷ್ಟವಿಲ್ಲದಿರಲಿ ಎಂದು ಶಕುಂತಲಮ್ಮ ಪಾಯಸದ ಶಾವಿಗೆಯನ್ನೂ ಅರೆದು ತಂದಿದ್ದರು.

ಗೆದ್ದವರ ಪಾಯಸ ಕುಡಿಯೋದಿಲ್ಲ ಎಂದರು. ಇದು ಗೆದ್ದದ್ದಕ್ಕಲ್ಲ, ನಿಮ್ಮ ಹೊಟ್ಟೆಗೆ ಎಂದು ಶಕುಂತಲಮ್ಮ ಲೋಟವನ್ನು ಕೈಗಿಟ್ಟರು. ಅವರಿಗೆ ಕಣ್ಣಲ್ಲಿ ನೀರು ಬಂತು, ಅದನ್ನೂ ಬಾಯಿಯನ್ನೂ ಒಟ್ಟಿಗೇ ಒರೆಸಿಕೊಂಡರು. ಎರಡು ಲೋಟ ಕುಡಿದ ಮೇಲೆ ದನಿ ಬಂತು. ಈ ಸರ್ಕಾರ ಎರಡು ವರ್ಷ ಬಾಳೋದಿಲ್ಲ ಎಂದರು. ಐದೂ ವರ್ಷ ಬಾಳುತ್ತೆ ಎಂದು ಶಕುಂತಲಮ್ಮ. ಎಂಬತ್ತೆಂಟರಲ್ಲಿ ಸೋತವರು ಮೂವರಿಗೂ ಮೈಸೂರು ಪಾಕು ಕೊಡಿಸಬೇಕು ಎಂದು ಪಂದ್ಯ ಕಟ್ಟಿದರು. ಕಾಳಪ್ಪನವರದನ್ನು ಹಾಲಿನಲ್ಲಿ ಕಲಸಿ ಕೊಡುವುದು ನನ್ನ ಕೆಲಸ. ಆಂಡಾಳ್‌ಗೆ ಅಷ್ಟರಲ್ಲಿ ಮಗುವಾಗಿದ್ದರೆ ಅದನ್ನೂ ಕರೆದುಕೊಂಡು ಬರುತ್ತೇನೆ ಎಂದೆ.

೧೧ ಜನವರಿ, ಮಂಗಳವಾರ

ಡಾಕ್ಟರು ನನ್ನನ್ನು ನೋಡಿ, ಎಲ್ಲ ಚೆನ್ನಾಗಿದೆ, ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಅದು ಆಗುವುದಿಲ್ಲ ಡಾಕ್ಟ್ರೇ ಎಂದೆ. ಅವರಿಗೆ ಗಾಬರಿ, ಏನಾದರೂ ನೋವಿದೆಯಾ ಎಂದು ಕೇಳಿದರು. ನೋವೇನಿಲ್ಲ, ಮಂಗಳವಾರ ಇಲ್ಲಿ ಕೆಲಸವಿದೆ, ಐದು ಚೀಲಕ್ಕೆ ಅಳತೆ ತೆಗೆದುಕೊಳ್ಳಬೇಕು, ನೇರ ಬಸ್ಸು ಕೇಳುವ ಅರ್ಜಿಗೆ ರುಜು ಹಾಕಿಸಬೇಕು ಎಂದೆ. ಅವರು ಚೀಟಿಯ ಮೇಲೆ ಆರು ತಿಂಗಳೆಂದೇ ಬರೆದರು. ಬರೆದುಕೊಳ್ಳಲಿ.

ಕಮಲಮ್ಮನಿಗೆ ಮೊನ್ನೆ ಆಪರೇಷನ್ ಆಯಿತು. ನೋಡುವ ಹೊತ್ತಿಗೆ ಸರಿಯಾಗಿ ಮೂವರೂ ವಾರ್ಡಿಗೆ ಹೋದೆವು. ಎದೆಗೆ ಪಟ್ಟಿ, ಕಣ್ಣು ಸೂರು ನೋಡುತ್ತಿತ್ತು. ಎರಡು ದಿನದಿಂದ ಒಂದು ಮಾತಾಡಿಲ್ಲ, ಊಟ ಮುಟ್ಟಿಲ್ಲ ಎಂದು ಅಂಜಮ್ಮ ಹೊರಗೇ ಹೇಳಿದ್ದಳು. ನಾನು ಹೊದಿಕೆ ಸರಿಮಾಡಿದೆ. ಶಕುಂತಲಮ್ಮನೂ ಸುಮ್ಮನಿದ್ದರು. ಆ ಮೌನ ತಡೆಯಲಾರದೆ ಕಾಳಪ್ಪ, ಮಳೆಗಾಲದೊಳಗೆ ಈ ಸರ್ಕಾರ ಬೀಳುತ್ತೆ ನೋಡಿ ಎಂದು ಯಾರಿಗೆಂದಿಲ್ಲದೆ ಹೇಳಿದರು.

“ಬೀಳಲ್ಲ,” ಎಂದಿತು ಹಾಸಿಗೆ.

ಅಂಜಮ್ಮನೂ ಸೇರಿ ನಾಲ್ವರೂ ತಿರುಗಿದೆವು. ಕಮಲಮ್ಮ ಸೂರಿನಿಂದ ಕಣ್ಣು ಇಳಿಸಿ ಕಾಳಪ್ಪನವರನ್ನು ನೋಡುತ್ತಿದ್ದಳು.

ಕಾಳಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡು, ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

“ಯಾಕೆ ಬೀಳಲ್ಲ, ಹೇಳಿ ತಾಯಿ.”